ಶೂರನಿಗೊಂದು ಪತ್ರ

ಪ್ರಿಯ ಶೂರ,

ಹೇಗಿದ್ದೀಯಾ? ಅಡಿಕೆ ಕೊನೆಕೊಯ್ಲು ಶುರುವಾಯ್ತಾ, ಇಲ್ಲಾ ಕೊನೆ ಕೊಯ್ಯುವ ಕೊನೆಗೌಡ ಇನ್ನೂ ನಾಳೆ ಬರ್ತೇನೆ ಅಂತಲೇ ಹೇಳ್ತಿದ್ದಾನಾ? ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಗುತ್ತೀಯ. ನೀನು ನಕ್ಕರೆ ನಾನೂ ನಗುತ್ತೇನೆ. ಹೇಳಬೇಕಾದ್ದು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ಅದೂ ಊರೆಲ್ಲ ಓದುವ ಹಾಗೆ. ನಮ್ಮ ಬ್ಯಾಚಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಎರಡೂವರೆ ಇಡ್ಲಿ ವಿಷಯ ದಯವಿಟ್ಟು ಎತ್ತಬೇಡಿ. ನನ್ನ ಹೆಂಡತಿಯೂ ಓದುತ್ತಾಳೆ.

ಇಲ್ಲಿ ಅಮೆರಿಕದಲ್ಲಿ ಹ್ಯಾಲೋವೀನ್ ಅನ್ನೋ ದೆವ್ವದ ವೇಷದ ಹಬ್ಬದ ಗಲಾಟೆ ಜೋರಾಗಿದೆ. ಈ ಸಲ, ಅಂದರೆ 2024ರಲ್ಲಿ, ಅಕ್ಟೋಬರ್ 31ಕ್ಕೇ ನರಕ ಚತುರ್ದಶಿಯೂ ಬಿದ್ದಿದೆ ನೋಡು. ನಮ್ಮ ಬೀದಿಯಲ್ಲಿ ಒಂದು ಮನೆ ಮುಂದೆ ಅಸ್ಥಿಪಂಜರ ನೇತಾಡುತ್ತಿದೆ, ಪಕ್ಕದ ಮನೆ ಮುಂದೆ ಆಕಾಶಬುಟ್ಟಿ. ಎರಡನೆಯದು ನಮ್ಮದು. ಆ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಬಂದು ಚಾಕಲೇಟ್ ಕೇಳುತ್ತಾರೆ. ಕೊಡದಿದ್ದರೆ ಕೀಟಲೆ ಮಾಡ್ತೀವಿ ಅಂತ ಬಾಯಿಮಾತಿಗೆ ಹೆದರಿಸುತ್ತಾರೆ. ನಾವು ದೀಪಾವಳಿ ಶುರುವಾಗುವ ಬೂರೆ ಹಬ್ಬದ ರಾತ್ರಿ ಕೇಳುವ ತಾಪತ್ರಯಕ್ಕೇ ಹೋಗುತ್ತಿರಲಿಲ್ಲ, ಸೀದಾ ಕದಿಯುತ್ತಿದ್ದೆವು. ಬೂರೆ ರಾತ್ರಿ ಕದ್ದರೆ ಕಳ್ಳತನ ಅಲ್ಲ ಅಂತ ನಿನ್ನ ಅಜ್ಜಯ್ಯನೇ ತೀರ್ಪು ಕೊಟ್ಟಿದ್ದರಲ್ಲ. ಅವರ ಎಳನೀರು ಹೋಗುವ ತನಕ.

ಇರಲಿ. ವಿಷಯಕ್ಕೆ ಬರುತ್ತೇನೆ.

ಹೋದ ಶನಿವಾರ ನಾವು ಮೂರೂ ಜನ ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿಗೆ ಹೋಗಿದ್ದೆವು. ಹಳೇ ಜೈಲು. ಹೊರಗಿನಿಂದ ನೋಡಿದರೆ ಕೋಟೆ, ಮೂವತ್ತಡಿ ಎತ್ತರದ ಕಲ್ಲಿನ ಗೋಡೆ. 1829ರಲ್ಲಿ ಶುರುವಾಗಿ 1971ರಲ್ಲಿ ಮುಚ್ಚಿತು. ಈಗ ಹಗಲು ಹೊತ್ತು ಮ್ಯೂಸಿಯಂ, ಅಕ್ಟೋಬರ್ ರಾತ್ರಿಗಳಲ್ಲಿ ದೆವ್ವದ ಮನೆ. ಸೋರುವ ಮಾಡು, ಬೀಳುವ ಗೋಡೆ ಉಳಿಸಿಕೊಳ್ಳಲು ದುಡ್ಡು ಬೇಕಲ್ಲ. 1991ರಿಂದ ಹೀಗೆ ಜನರನ್ನು ಹೆದರಿಸಿ ದುಡ್ಡು ಎತ್ತುತ್ತಿದ್ದಾರೆ. ನಮ್ಮ ಹೈಸ್ಕೂಲಿನ ಮಾಡು ಸೋರುವಾಗ ಈ ಉಪಾಯ ಯಾರಿಗೂ ಹೊಳೆಯಲಿಲ್ಲ. ಪಿ.ಟಿ. ಮೇಷ್ಟ್ರನ್ನು ನಿಲ್ಲಿಸಿದ್ದರೆ ಸಾಕಿತ್ತು.

ಎರಡು ವರ್ಷದ ಹಿಂದೆ ಅಪ್ಪ ಬಂದಾಗ ಅವರನ್ನು ಹಗಲು ಹೊತ್ತು ಇಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬನಿಗೆ ಒಂದು ಕೋಣೆ, ಮೇಲೆ ಆಕಾಶ ಕಾಣುವ ಒಂದು ಸಣ್ಣ ಕಿಂಡಿ. ಅವತ್ತಿನ ನಿಯಮ ಏನೆಂದರೆ ಕೈದಿ ಯಾರ ಮುಖವನ್ನೂ ನೋಡಬಾರದು, ಯಾರ ಜೊತೆಗೂ ಮಾತಾಡಬಾರದು. ಹೊರಗೆ ಕರೆದುಕೊಂಡು ಹೋಗಬೇಕಾದರೆ ತಲೆಗೆ ಮುಸುಕು ಹಾಕುತ್ತಿದ್ದರು. ಒಬ್ಬನೇ ಕೂತರೆ ಮನುಷ್ಯ ತನ್ನ ತಪ್ಪು ನೆನೆದು ಪಶ್ಚಾತ್ತಾಪ ಪಡುತ್ತಾನೆ ಅನ್ನೋದು ಕಟ್ಟಿಸಿದವರ ನಂಬಿಕೆ. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಬಂದು ನೋಡಿ, ಮೈಗೆ ಕೊಡುವ ಯಾವ ಹಿಂಸೆಗಿಂತಲೂ ಇದು ಕೆಟ್ಟದ್ದು ಅಂತ ಬರೆದ. ಅಪ್ಪ ಒಂದು ಕೋಣೆಗೆ ಬಗ್ಗಿ ನೋಡಿ, 'ನಮ್ಮ ಹಾಸ್ಟೆಲಿಗಿಂತ ಗಾಳಿ ಬೆಳಕು ಅಡ್ಡಿಲ್ಲ' ಅಂದರು.

ಮಗಳು ಪುಟ್ಟಿಗೆ ಇದ್ಯಾವುದೂ ಬೇಡ. ಅವಳಿಗೆ ಆ ಜೈಲಿನಲ್ಲಿ ಬೇಕಾಗಿದ್ದು ಒಂದು ನಾಯಿ. ಪೆಪ್ ಅಂತ ಹೆಸರು. 1924ರಲ್ಲಿ ಅದನ್ನು ಈ ಜೈಲಿಗೆ ತಂದರು. ಕೈದಿ ನಂಬರು ಸಿ-2559. ಕುತ್ತಿಗೆಗೆ ಆ ನಂಬರು ಕಟ್ಟಿ ಫೋಟೋ ಬೇರೆ ತೆಗೆದಿದ್ದಾರೆ, ಕಿವಿ ಇಳಿಬಿಟ್ಟುಕೊಂಡ ಕರೀ ನಾಯಿ. ಗವರ್ನರನ ಹೆಂಡತಿಯ ಬೆಕ್ಕನ್ನು ಕೊಂದಿದ್ದಕ್ಕೆ ಜೀವಾವಧಿ ಶಿಕ್ಷೆ ಅಂತ ಪೇಪರಿನವರು ಕತೆ ಕಟ್ಟಿದರು. ಅಸಲಿಗೆ ಕೈದಿಗಳಿಗೆ ಸಂಗಾತಿಯಾಗಲಿ ಅಂತ ಗವರ್ನರೇ ಕೊಟ್ಟ ನಾಯಿ ಅದು. ಪುಟ್ಟಿ ಆ ಫೋಟೋ ಮುಂದೆ ಕಾಲು ಗಂಟೆ ನಿಂತಿದ್ದಳು.

ಈಗ ಶನಿವಾರದ ರಾತ್ರಿ. ಒಳಗೆ ಬಿಡುವ ಮೊದಲು ಕೇಳುತ್ತಾರೆ, ದೆವ್ವಗಳು ನಿಮ್ಮನ್ನು ಮುಟ್ಟಬಹುದಾ ಅಂತ. ಮುಟ್ಟಲಿ ಅಂದವರಿಗೆ ಕತ್ತಲಲ್ಲಿ ಹೊಳೆಯುವ ಒಂದು ಸರ. ಸರ ಇಲ್ಲದವರನ್ನು ಮುಟ್ಟುವ ಹಾಗಿಲ್ಲ. ದೆವ್ವಕ್ಕೂ ಅನುಮತಿ ಬೇಕು ಮಾರಾಯ, ಈ ದೇಶವೇ ಹೀಗೆ. ನಾನು ಸರ ಹಾಕಿಕೊಂಡೆ. ಪುಟ್ಟಿ ಬೇಡ ಅಂದಳು, ನನ್ನ ಕೈ ಹಿಡಿದುಕೊಂಡಳು. 'ನಾನಿದ್ದೀನಲ್ಲ' ಅಂದೆ. ನನ್ನ ಹೆಂಡತಿ, ಇವಳು, ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ.

ಅವರ ಕಸುಬು ನೋಡಬೇಕು ನೀನು. ಎಡಗಡೆ ಏನೋ ಸದ್ದು ಮಾಡಿ ನಮ್ಮ ಕಣ್ಣನ್ನು ಅತ್ತ ಎಳೆಯುತ್ತಾರೆ. ಹೆದರಿಸುವವನು ಬಲಗಡೆ ನಿಂತಿರುತ್ತಾನೆ. ನಮ್ಮ ಯಕ್ಷಗಾನದ ಬಣ್ಣದ ವೇಷ ಆರ್ಭಟ ಕೊಡುತ್ತಾ ಬರುವಾಗ ತೆರೆ ಹಿಂದೆ ಯಾರೋ ಇದ್ದಾರೆ ಅಂತಾದರೂ ಗೊತ್ತಿರುತ್ತಿತ್ತು, ದೊಂದಿ ಹಿಡಿದವನು ಮೊದಲೇ ಕಾಣುತ್ತಿದ್ದ. ಇಲ್ಲಿ ಆ ಮರ್ಯಾದೆಯೆಲ್ಲ ಇಲ್ಲ. ಹೊಗೆ, ಪಟಪಟ ಬಡಿದುಕೊಳ್ಳುವ ಬೆಳಕು, ನೂರಾರು ವರ್ಷದ ಕಲ್ಲಿನ ಶೀತದ ವಾಸನೆ. ಅಷ್ಟು ಕತ್ತಲಲ್ಲೂ ಎಕ್ಸಿಟ್ ಬೋರ್ಡುಗಳು ಮಾತ್ರ ಉರಿಯುತ್ತಿದ್ದವು. ಅದಕ್ಕೂ ಕಾರಣ ಉಂಟು. 1984ರ ಮೇ 11ರಂದು ಪಕ್ಕದ ನ್ಯೂಜೆರ್ಸಿಯಲ್ಲಿ ಇಂಥದ್ದೇ ಒಂದು ದೆವ್ವದ ಮನೆಗೆ ಬೆಂಕಿ ಬಿದ್ದು ಎಂಟು ಎಳೇ ಹುಡುಗ ಹುಡುಗಿಯರು ಸತ್ತುಹೋದರು. ಆಮೇಲೆ ಇಂಥ ಜಾಗಗಳಿಗೆ ಬೆಂಕಿಯ ನಿಯಮ ಬಿಗಿಯಾಯಿತು. ಈ ವಿಷಯ ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಇರಬೇಕು, ಹೋದಲ್ಲೆಲ್ಲ ಬೋರ್ಡ್ ಎಲ್ಲಿದೆ ಅಂತಲೇ ನೋಡುತ್ತಿದ್ದೆ. ಮುಂದೆ ಉಪಯೋಗಕ್ಕೆ ಬಂತು.

ಒಂದು ಇಕ್ಕಟ್ಟಾದ ಓಣಿ. ಇವಳು ಮುಂದಿನ ಗುಂಪಿನ ಜೊತೆ ಹೋಗಿಬಿಟ್ಟಿದ್ದಳು. ಹಿಂದಿನಿಂದ ಒಂದು ಕೈ ಬಂದು ನನ್ನ ಹೆಗಲ ಮೇಲೆ ಕೂತಿತು. ತಣ್ಣಗಿತ್ತು. ಅಷ್ಟೇ ನನಗೆ ನೆನಪಿರೋದು. ಆಮೇಲೆ ನಾನು ಹೊರಗೆ ತಂಪು ಗಾಳಿಯಲ್ಲಿ ನಿಂತು ಏದುಸಿರು ಬಿಡುತ್ತಿದ್ದೆ. ಕೈ ಖಾಲಿ ಇತ್ತು.

ಸುಳ್ಳು. ಇನ್ನೊಂದು ನೆನಪಿದೆ. ಓಡುವಾಗ ಹಿಂದಿನಿಂದ 'ಅಪ್ಪಾ' ಅಂತ ಕೇಳಿಸಿತ್ತು.

ಹೊರಗೆ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಒಂದು ನಿಮಿಷ ಇರಬಹುದು. ಪುಟ್ಟಿ ನಿಧಾನಕ್ಕೆ ನಡೆದುಕೊಂಡು ಬಂದಳು. ಬಾಗಿಲ ತನಕ ಅವಳ ಜೊತೆ ಬಂದಿದ್ದು ಅದೇ ದೆವ್ವ. ಮುಖದ ತುಂಬ ಹೊಲಿಗೆ, ಗಲ್ಲದಲ್ಲಿ ರಕ್ತ. ಮೊಣಕಾಲೂರಿ ಕೂತು 'ಆರ್ ಯೂ ಓಕೆ, ಸ್ವೀಟಿ' ಅಂತ ಕೇಳಿತಂತೆ. ಇಪ್ಪತ್ತು ವರ್ಷದ ಹುಡುಗಿ, ಕಾಲೇಜಿಗೆ ಹೋಗುವವಳಿರಬೇಕು. ನನ್ನನ್ನು ನೋಡಿ ಒಂದು ಥರ ನಕ್ಕು ಒಳಗೆ ಹೋದಳು. 'ದೆವ್ವ ತುಂಬ ಒಳ್ಳೇದಿತ್ತು' ಅಂದಳು ಪುಟ್ಟಿ. ನಾನೂ ನಕ್ಕೆ.

ಇಷ್ಟೇ ಆಗಿದ್ದರೆ ನಿನಗೆ ಫೋನಿನಲ್ಲೇ ಹೇಳಿ ಮುಗಿಸುತ್ತಿದ್ದೆ. ಹೆದರಿ ಓಡೋದು ಕಾಲಿನ ಕೆಲಸ, ತಲೆಯನ್ನು ಕೇಳಿ ಅದು ಓಡೋದಿಲ್ಲ. ಆದರೆ ಮರುದಿನ ಇಲ್ಲಿಯ ಕನ್ನಡದವರೊಬ್ಬರ ಮನೆಯಲ್ಲಿ ಊಟ ಇತ್ತು. ಹತ್ತು ಹನ್ನೆರಡು ಜನ. ಹ್ಯಾಲೋವೀನ್ ಮಾತು ಬಂತು. ನಾನು ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ಶುರು ಮಾಡಿದೆ. ನನ್ನ ಕತೆ ಹೇಳುವ ಚಟ ನಿನಗೆ ಗೊತ್ತಲ್ಲ. 'ಪಾಪ, ನಮ್ಮ ಪುಟ್ಟಿ ಹೆದರಿ ಗಡಗಡ. ಕೊನೆಗೆ ನಾನೇ ಎಳಕೊಂಡು ಹೊರಗೆ ಬಂದೆ.' ದೆವ್ವದ ದನಿ, ಪುಟ್ಟಿ ನಡುಗಿದ ಬಗೆ, ಎಲ್ಲ ಅಭಿನಯಿಸಿ ತೋರಿಸಿದೆ. ಎಲ್ಲರೂ ನಕ್ಕರು. ಒಬ್ಬರು ಅವಳ ತಲೆ ಸವರಿ 'ಅಯ್ಯೋ ಹೆದರುಪುಕ್ಕಲಿ' ಅಂದರು.

ಪುಟ್ಟಿ ಎದುರಿಗೇ ಕೂತಿದ್ದಳು. ಹಪ್ಪಳ ಮುರಿಯುತ್ತಿದ್ದಳು. ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿಲ್ಲ, ಅಳು ಇಲ್ಲ. ಸುಮ್ನೆ ನೋಡಿ, ಮತ್ತೆ ಹಪ್ಪಳ ಮುರಿದಳು.

ಆ ನೋಟ ನನಗೆ ಗೊತ್ತಿತ್ತು ಶೂರ. ಅದು ನಿನ್ನದು.

ಏಳನೇ ಕ್ಲಾಸು. ಬೂರೆ ರಾತ್ರಿ. ನಾನು, ನೀನು, ಕೆಳಗಿನಕೇರಿ ತೋಟದಾಚೆಯ ಮೊಗೆಕಾಯಿ ಬಳ್ಳಿ. ಬೆಳ್ಳಗೆ ಏನೋ ಅಲ್ಲಾಡಿತು. ಇವತ್ತಿಗೂ ಅದೇನಂತ ಗೊತ್ತಿಲ್ಲ, ಒಣಗಿದ ಬಾಳೆ ಎಲೆ ಇರಬಹುದು. ನಾವು ಹತ್ತಾರು ಸಲ ಹೇಳಿ ನಕ್ಕ ಕತೆ ಇದು. ನೀನು ಕೊಳ್ಳಿದೆವ್ವ ಅಂತ ಕಿರುಚಿ ನನ್ನನ್ನು ಬಿಟ್ಟು ಓಡಿದ್ದು, ಚಡ್ಡಿ ಒದ್ದೆ ಮಾಡಿಕೊಂಡಿದ್ದು, ಅವತ್ತಿನಿಂದ ನಿನಗೆ ಶೂರ ಅಂತ ಹೆಸರು ಬಿದ್ದಿದ್ದು. ಬ್ಯಾಚಿನವರಿಗೆಲ್ಲ ಬಾಯಿಪಾಠ. ನಿನ್ನ ಮದುವೆಯಲ್ಲೂ ನಾನೇ ಮೈಕ್ ಹಿಡಿದು ಹೇಳಿದ್ದೆ. ನಿನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಓಡಿದವನು ನಾನು. ನೀನು ತೋಟದ ನೀರು ಹರಿಯುವ ಕಾದಿಗೆಗೆ ಬಿದ್ದೆ, ಮೊಣಕಾಲ ತನಕ ನೀರು. ಚಡ್ಡಿ ಒದ್ದೆಯಾಗಿದ್ದು ಹಾಗೆ. ನೀನು ನನ್ನ ಹೆಸರು ಹಿಡಿದು ಎರಡು ಸಲ ಕೂಗಿದೆ, ಅದೂ ಮೆತ್ತಗೆ, ಯಾರಾದರೂ ಎದ್ದಾರು ಅಂತ. ನನಗೆ ಎರಡು ಸಲವೂ ಕೇಳಿಸಿತು. ಬೆಳಿಗ್ಗೆ ಶಾಲೆ ಹುಡುಗರು ಸಿಕ್ಕರು. ನೀನು ಬರುವ ಮೊದಲೇ ನಾನು ಕತೆ ಶುರು ಮಾಡಿದ್ದೆ. ನೀನು ಕುಂಟುತ್ತಾ ಬಂದೆ, ಎಲ್ಲ ಕೇಳಿಸಿಕೊಂಡೆ, ನನ್ನನ್ನು ಒಂದು ಸಲ ನೋಡಿದೆ. ಆಮೇಲೆ ನೀನೂ ನಕ್ಕೆ.

32 ವರ್ಷ ಮಾರಾಯ. ಯಾಕೋ ಒಂದು ದಿನವೂ ಬಾಯಿ ಬಿಡಲಿಲ್ಲ? ಜಗಳದಲ್ಲಿ ಎತ್ತಲಿಲ್ಲ, ಕುಡಿದಾಗಲೂ ಎತ್ತಲಿಲ್ಲ. ಸೈಕಲ್ ಪಂಪಿನ ಕೇಸಿನಲ್ಲಿ ನಾನು ನಿನ್ನನ್ನು ಅಷ್ಟು ಬೈದೆ, ಆಗಲಾದರೂ ಹೇಳಬಹುದಿತ್ತು. ಆ ಹಬ್ಬದ ಮಧ್ಯಾಹ್ನ ನಮ್ಮನೆ ಜಗುಲಿ ಮೇಲೆ ಒಂದು ಮೊಗೆಕಾಯಿ ಇತ್ತು, ಮಣ್ಣು ಅಂಟಿಕೊಂಡಿತ್ತು, ತೊಟ್ಟು ಇನ್ನೂ ಹಸಿ. ಅಮ್ಮ ಅದರದ್ದೇ ಹುಳಿ ಮಾಡಿದ್ದಳು. ಯಾರು ಇಟ್ಟಿದ್ದು ಅಂತ ನಾನು ಕೇಳಲಿಲ್ಲ. ಎರಡು ಸಲ ಬಡಿಸಿಕೊಂಡು ತಿಂದೆ.

ಊಟ ಮುಗಿಸಿ ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಇವಳು ಕಿಟಕಿ ಕಡೆ ನೋಡುತ್ತಿದ್ದಳು. ಮನೆ ಹತ್ತಿರ ಬರುವಾಗ ಹಿಂದಿನ ಸೀಟಿನಿಂದ ಪುಟ್ಟಿ, 'ಅಪ್ಪಾ, ಆ ಪೆಪ್ ನಾಯಿ ಪಾಪ ಅಲ್ವಾ' ಅಂದಳು. ಬೇಕಂತಲೇ ಹೇಳಿದಳೋ, ಸುಮ್ನೆ ನೆನಪಾಯ್ತೋ ಗೊತ್ತಿಲ್ಲ. ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ ಅವಳಿಗೆ ಸಾರಿ ಕೇಳಿದೆ. 'ಯಾವುದಕ್ಕೆ' ಅಂದಳು. ಹೇಳಿದೆ. 'ಓಡಿದ್ದಕ್ಕಾ, ಹೇಳಿದ್ದಕ್ಕಾ' ಅಂದಳು. ಹನ್ನೊಂದು ವರ್ಷ ಅವಳಿಗೆ. ಲಾಯರ್ ಓದಿಸೋಣ ಅಂತಿದ್ದೇವೆ.

ಊಟಕ್ಕೆ ಬಂದಿದ್ದ ಹನ್ನೆರಡೂ ಜನ ಇದನ್ನು ಓದುತ್ತಾರೆ, ಅವರಿಗೆ ಬೇರೆ ಪತ್ರ ಬೇಕಿಲ್ಲ. ನಮ್ಮ ಬ್ಯಾಚಿನವರೂ ಓದಲಿ. ನಿನ್ನ ಹೆಂಡತಿಗೂ ತೋರಿಸು. ಬೇಡ, ಅವರು ನನಗೆ ಮತ್ತೆ ಊಟ ಹಾಕೋದಿಲ್ಲ. ಜನವರಿಯಲ್ಲಿ ಬರುವವನಿದ್ದೇನೆ, ಆಮೇಲೆ ತೋರಿಸು.

ಇಷ್ಟೆಲ್ಲ ಬರೆಯೋದು ಅಂತ ಇರಲಿಲ್ಲ. ದೆವ್ವದ ಮನೆ ಬಗ್ಗೆ ನಾಲ್ಕು ಜೋಕು ಹೊಡೆದು, ಒಂದು ಫೋಟೋ ಹಾಕಿ ಮುಗಿಸೋಣ ಅಂದುಕೊಂಡಿದ್ದೆ. ಫೋಟೋದಲ್ಲಿ ಹೊಳೆಯುವ ಸರ ಹಾಕಿಕೊಂಡು ಗಣಪತಿ ಮೆರವಣಿಗೆಯ ಎತ್ತಿನ ಥರ ಕಾಣುತ್ತಿದ್ದೇನೆ, ಹಾಗಾಗಿ ಅದೂ ಬೇಡ. ಫೋನಿನಲ್ಲಿ ನಿನ್ನ ಹೆಸರನ್ನಾದರೂ ಸರಿ ಮಾಡೋಣ ಅಂತ ಶೂರ ಅನ್ನೋದನ್ನು ಅಳಿಸಿ ನಿಜವಾದ ಹೆಸರು, ಇನಿಷಿಯಲ್ಲು ಎಲ್ಲ ಹಾಕಿದೆ. ಯಾರೋ ವಿಮೆ ಏಜೆಂಟಿನ ಥರ ಕಾಣಿಸಿದೆ. ವಾಪಸ್ ಶೂರ ಅಂತಲೇ ಇಟ್ಟಿದ್ದೇನೆ. ಬೇಜಾರಿದ್ದರೆ ಹೇಳು, ಈ ಸಲವಾದರೂ ಬಾಯಿಬಿಟ್ಟು ಹೇಳು.

ಇಂತಿ,
ಎರಡೂವರೆ

(ಹೌದು, ನಾನೇ ಎತ್ತಿದೆ. ಈಗ ಇವಳಿಗೆ ಅದನ್ನೂ ಹೇಳಬೇಕು.)