ಮೇಯರ್ ಅವಧಿ ಮುಗಿಯುವ ಮುನ್ನ

ಗುಂಪಿನ ಹಿರಿಯರಿಗೂ ಅಕ್ಕ-ತಂಗಿಯರಿಗೂ ನಮಸ್ಕಾರ. ಬೆಳಗಾವಿಯ ಮೇಯರ್ ಆಗಿ ನನ್ನ ಒಂದು ವರ್ಷದ ಅವಧಿ ಈ ವಾರ ಮುಗಿಯುತ್ತದೆ.

ಮೊದಲು ನೀರಿನ ಮಾತು. 2008ರಲ್ಲೇ ನಮ್ಮ ಬೆಳಗಾವಿಯ ಕೆಲವು ವಾರ್ಡ್‌ಗಳಿಗೆ ದಿನದ 24 ಗಂಟೆಯೂ ನೀರು ಬಂದಿತು. ಆದರೆ ಎಲ್ಲ 58 ವಾರ್ಡ್‌ಗಳಿಗೂ ಅದು ಇನ್ನೂ ತಲುಪಿಲ್ಲ. ಊರಿಗೆ ನೀರು ಕೊಡುವ ರಾಕಸಕೊಪ್ಪ ಜಲಾಶಯ ತುಂಬಿದ ದಿನವೂ ಒಂದು ಓಣಿಯಲ್ಲಿ ಅಜ್ಜಿಯೊಬ್ಬರು ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಏಳು ಕೊಡ ಸಾಲಾಗಿಟ್ಟು ಕಾಯುತ್ತಿದ್ದರು. ಅವರಿಗೆ ಉತ್ತರ ಕೊಡಲು ನನಗೆ ಮಾತು ಸಿಗಲಿಲ್ಲ.

ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಯಲ್ಲೇ, 2016ರಲ್ಲಿ, ನಮ್ಮ ಊರಿನ ಹೆಸರು ಬಂದಿತ್ತು. ರಸ್ತೆಗಳು ಸುಧಾರಿಸಿವೆ, ನನಗೆ ಹೆಮ್ಮೆಯಿದೆ. ನಮ್ಮ ಊರಲ್ಲೇ ಹರಿಯುವ ಬಳ್ಳಾರಿ ನಾಲೆಯ ಹೂಳು ಮಾತ್ರ ಮನಸ್ಸನ್ನು ಕೊರೆಯುತ್ತದೆ. ಮಳೆ ಜೋರಾದರೆ ಆ ನೀರು ಭತ್ತದ ಗದ್ದೆಗಳಿಗೇ ನುಗ್ಗುತ್ತದೆ; ನಾಟಿ ಮಾಡಿದ ರೈತರ ಶ್ರಮ ಒಂದೇ ರಾತ್ರಿಯಲ್ಲಿ ಹೋಗುತ್ತದೆ.

ಬಾಕಿ ಉಳಿದ ದೂರುಗಳನ್ನು ಶನಿವಾರ ಸಂಜೆಯೊಳಗೆ ಇಲ್ಲಿಯೇ ಬರೆಯಿರಿ. ವಾರ್ಡ್, ಓಣಿ, ಬೀದಿದೀಪವಾದರೆ ಕಂಬದ ಸಂಖ್ಯೆ ಇರಲಿ. ಎಲ್ಲವನ್ನೂ ಒಂದು ವಹಿಯಲ್ಲಿ ಬರೆದು ಮುಂದಿನ ಮೇಯರ್ ಅವರ ಕೈಗೆ ನಾನೇ ಒಪ್ಪಿಸುತ್ತೇನೆ.