ಮಾರ್ಗರೆಟ್ ಕಥೆ ವಿಂಡ್ಸರ್‌ನಿಂದ ಶುರುವಾಗಲಿ

ಪ್ರೀತಿಯ ತಂಗಿ,

ಇಂಗ್ಲೆಂಡಿನ ರಾಣಿ ಮಾರ್ಗರೆಟ್ ಬಗ್ಗೆ ನೀನು ಬರೆಯುತ್ತಿರುವ ಕಥೆಯ ಅಧ್ಯಾಯಗಳನ್ನು ಓದಿದೆ. ಭಾಷೆಗೆ ಒಳ್ಳೇ ಓಟವಿದೆ. ಆದರೆ ಮೊದಲ ದೃಶ್ಯ ತೆಗೆದುಬಿಡು. 1460ರ ಡಿಸೆಂಬರ್ 30, ವೇಕ್‌ಫೀಲ್ಡ್ ಯುದ್ಧ. ಅವಳ ಗಂಡನ ಪಟ್ಟಕ್ಕೆ ಕಣ್ಣು ಹಾಕಿದ್ದ ಯಾರ್ಕ್‌ನ ಡ್ಯೂಕ್ ರಿಚರ್ಡ್‌ನ ತಲೆಗೆ ಕಾಗದದ ಕಿರೀಟ ಇಟ್ಟು ರಾಣಿ ಮಾರ್ಗರೆಟ್ ನಗುತ್ತಾಳೆ, ಅಲ್ವಾ? ಅವಳು ಅಲ್ಲಿರಲೇ ಇಲ್ಲ ಕಣಮ್ಮ. ಸೈನ್ಯದ ನೆರವು ಕೇಳಲು ಸ್ಕಾಟ್ಲೆಂಡ್‌ಗೆ ಹೋಗಿದ್ದಳು. ಆ ದೃಶ್ಯವನ್ನು ನಮ್ಮೆಲ್ಲರ ತಲೆಯಲ್ಲಿ ಕೂರಿಸಿದ್ದು ಶೇಕ್ಸ್‌ಪಿಯರ್.

ನೀನು ವಿಂಡ್ಸರ್ ಅರಮನೆಯಿಂದ ಶುರು ಮಾಡು. 1453ರ ಆಗಸ್ಟ್‌ನಲ್ಲಿ ಅವಳ ಗಂಡ, ರಾಜ ಆರನೇ ಹೆನ್ರಿಗೆ ಬುದ್ಧಿ ಸ್ವಾಧೀನ ತಪ್ಪಿತು. ಮಾತಿಲ್ಲ, ಯಾರ ಗುರುತೂ ಇಲ್ಲ. ಮದುವೆಯಾಗಿ ಎಂಟು ವರ್ಷದ ಮೇಲೆ ಮಾರ್ಗರೆಟ್ ಆಗ ತುಂಬು ಬಸುರಿ. ಅಕ್ಟೋಬರ್‌ನಲ್ಲಿ ಮಗ ಎಡ್ವರ್ಡ್ ಹುಟ್ಟಿದ. ಹೊಸ ವರ್ಷದ ಹೊತ್ತಿಗೆ ಮಗುವನ್ನು ವಿಂಡ್ಸರ್‌ಗೆ ತಂದರು. ಬಕಿಂಗ್‌ಹ್ಯಾಮ್‌ನ ಡ್ಯೂಕ್ ಎತ್ತಿ ತೋರಿಸಿ, ಆಶೀರ್ವಾದ ಮಾಡಿ ಅಂತ ಬೇಡಿದ. ಉತ್ತರವಿಲ್ಲ. ಆಮೇಲೆ ಮಾರ್ಗರೆಟ್ ತಾನೇ ಎತ್ತಿಕೊಂಡು ಹೋಗಿ ಕೇಳಿದಳು. ರಾಜ ಒಂದು ಸಲ ಮಗುವಿನ ಕಡೆ ನೋಡಿ ಮತ್ತೆ ಕಣ್ಣು ಕೆಳಗೆ ಮಾಡಿದ, ಅಷ್ಟೇ. ಇದು ಕಟ್ಟುಕಥೆಯಲ್ಲ, ಅದೇ ಜನವರಿಯ ಒಂದು ಪತ್ರದಲ್ಲಿದೆ. ವರ್ಷದ ಕೊನೆಗೆ ರಾಜನಿಗೆ ವಾಸಿಯಾದಾಗ ಮಗುವಿನ ಹೆಸರೇನು ಅಂತ ಕೇಳಿದನಂತೆ. ಎಡ್ವರ್ಡ್ ಅಂದಾಗ ಕೈಯೆತ್ತಿ ದೇವರಿಗೆ ಮುಗಿದನಂತೆ.

ರಾಜನಿಗೆ ವಾಸಿಯಾಗುವ ತನಕ ಮಾರ್ಗರೆಟ್ ಏನು ಮಾಡಿದಳು? ರಾಜ್ಯದ ಆಡಳಿತ ತನಗೆ ಕೊಡಿ ಅಂತ ಕೇಳಿದಳು. ನೀನು ಇದನ್ನು 'ಅಧಿಕಾರದ ದುರಾಸೆ' ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀಯ. ಅವಳ ತವರನ್ನು ನೋಡು. ಫ್ರಾನ್ಸಿನ ಆಂಜೂ ಸೀಮೆಯನ್ನು ಅವಳ ಅಜ್ಜಿ ಯೊಲಾಂಡ್ ಆಳಿದ್ದಳು. ಅಪ್ಪ ಸೆರೆಯಲ್ಲಿದ್ದಾಗ ಅಮ್ಮ ಇಸಾಬೆಲ್ ನೇಪಲ್ಸ್‌ಗೆ ಹೋಗಿ ಗಂಡನ ಹಕ್ಕಿಗಾಗಿ ಹೋರಾಡಿದ್ದಳು. ಗಂಡನಿಗೆ ಆಗದಿದ್ದಾಗ ಹೆಂಡತಿ ರಾಜ್ಯ ನೋಡಿಕೊಳ್ಳುವುದು ಅವಳು ಮನೆಯಲ್ಲೇ ಕಂಡ ಕೆಲಸ. ಇಂಗ್ಲೆಂಡಿನ ಶ್ರೀಮಂತರು ಒಪ್ಪಲಿಲ್ಲ. 1454ರ ಮಾರ್ಚ್‌ನಲ್ಲಿ ಯಾರ್ಕ್‌ನ ರಿಚರ್ಡ್‌ನನ್ನೇ ರಾಜ್ಯದ ರಕ್ಷಕನನ್ನಾಗಿ ಮಾಡಿದರು. 1460ರ ಅಕ್ಟೋಬರ್‌ನಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ತನ್ನ ನಂತರ ಪಟ್ಟ ರಿಚರ್ಡ್‌ಗೆ ಅಂತ ಅವಳ ಗಂಡನೇ ಒಪ್ಪಿಕೊಂಡ. ಮಗನಿಗೆ ಆಗ ಏಳು ವರ್ಷ. ಅವಳ ಸಿಟ್ಟು ಎಲ್ಲಿಂದ ಬಂತು ಅಂತ ಓದುಗರಿಗೆ ಇಲ್ಲಿ ಗೊತ್ತಾಗಬೇಕು.

ಹಾಗಂತ ಅವಳನ್ನು ದೇವಿ ಮಾಡಬೇಡ. 1461ರಲ್ಲಿ ಅವಳ ಸೈನ್ಯ ದಕ್ಷಿಣಕ್ಕೆ ಬರುತ್ತಾ ದಾರಿಯುದ್ದಕ್ಕೂ ಊರು ಲೂಟಿ ಮಾಡಿತು. ಸೇಂಟ್ ಆಲ್ಬನ್ಸ್‌ನಲ್ಲಿ ಗೆದ್ದರೂ ಲಂಡನ್ ಜನ ಹೆದರಿ ಬಾಗಿಲು ತೆರೆಯಲಿಲ್ಲ. ಅದನ್ನೂ ಪೂರ್ತಿ ಬರೆ. ಆಮೇಲೆ ಅವಳ ಕಡೆಯವರು ಸೋತ ಟೌಟನ್ ಯುದ್ಧಕ್ಕೆ ನಾಲ್ಕು ಸಾಲು ಸಾಕು, ಅವಳು ರಣರಂಗದಲ್ಲಿ ಇರಲಿಲ್ಲ.

ಇನ್ನೊಂದು ವಿಷಯ. ಅವಳ ಪತ್ರಗಳು ಉಳಿದಿವೆ, ಓದು. ಜಾಸ್ತಿ ಎಲ್ಲ ಶಿಫಾರಸುಗಳೇ: ಇವನಿಗೆ ಕೆಲಸ ಕೊಡಿ, ಇವಳ ಮದುವೆಗೆ ಒಪ್ಪಿ. ಹೆಣ್ಣುತೋಳ ಅಂತ ಹೆಸರು ಬೀಳುವ ಮೊದಲು ಅವಳು ದಿನವಿಡೀ ಮಾಡುತ್ತಿದ್ದದ್ದು ಇದನ್ನೇ. ನಿನ್ನ ಕಥೆಯಲ್ಲಿ ಇಂಥ ಒಂದು ಬೆಳಗ್ಗೆಯೂ ಇಲ್ಲ.

ಕೊನೆ ಎಲ್ಲಿ ಅಂತ ಕೇಳಿದ್ದೆ. 1471ರಲ್ಲಿ ಟ್ಯೂಕ್ಸ್‌ಬರಿ ಯುದ್ಧದಲ್ಲಿ ಹದಿನೇಳರ ಮಗ ಸತ್ತ. ಅದೇ ತಿಂಗಳು ಗಂಡನೂ ಹೋದ. ಎಲ್ಲರೂ ಅಲ್ಲಿಗೆ ನಿಲ್ಲಿಸುತ್ತಾರೆ. ಅವಳು ಇನ್ನೂ ಹನ್ನೊಂದು ವರ್ಷ ಬದುಕಿದ್ದಳು, ಮೊದಲು ಸೆರೆಯಲ್ಲಿ, ಆಮೇಲೆ ಫ್ರಾನ್ಸಿನಲ್ಲಿ. ಆ ವರ್ಷಗಳೂ ನಿನ್ನ ಪುಸ್ತಕದಲ್ಲಿ ಬರಲಿ. ಮೊದಲು ವಿಂಡ್ಸರ್ ಅಧ್ಯಾಯ ಬರೆದು ಕಳಿಸು, ಕಾಯ್ತಿರ್ತೀನಿ.

ನಿನ್ನ ಅಕ್ಕ