ಬಸುರಿಯ ಮನಸ್ಸಿಗೂ ತಾಯಿ ಕಾರ್ಡಿನಲ್ಲಿ ಒಂದು ಸಾಲು ಇರಲಿ

ಮಾನ್ಯರೇ,

ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ವರದಿ ಬರುತ್ತದೆ. ಅವರ ಖಿನ್ನತೆಯ ಬಗ್ಗೆ ಬರುವುದು ಅಪರೂಪ. ಹೆರಿಗೆಯ ನಂತರದ ಖಿನ್ನತೆಯ ಹೆಸರನ್ನಾದರೂ ಈಗ ಹಲವರು ಕೇಳಿದ್ದಾರೆ. ಆದರೆ ಅದು ಎಷ್ಟೋ ಸಲ ಬಸುರಿನ ದಿನಗಳಲ್ಲೇ ಶುರುವಾಗಿರುತ್ತದೆ. ಅಭಿವೃದ್ಧಿಶೀಲ ದೇಶಗಳ ಗರ್ಭಿಣಿಯರಲ್ಲಿ ಶೇ 15.6ರಷ್ಟು ಮಂದಿ ಮಾನಸಿಕ ಸಮಸ್ಯೆಯಿಂದ, ಮುಖ್ಯವಾಗಿ ಖಿನ್ನತೆಯಿಂದ ಬಳಲುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರೋಗ್ಯ ಸಹಾಯಕಿಯಾಗಿ ವರ್ಷಗಟ್ಟಲೆ ಹಳ್ಳಿಗಳನ್ನು ಸುತ್ತಿದ ನನಗೆ ಇದು ಹೆಚ್ಚೆನಿಸುವುದಿಲ್ಲ.

ಏಳು ತಿಂಗಳು ತುಂಬಿದ್ದ ಹೆಣ್ಣುಮಗಳೊಬ್ಬಳ ತೋಳಿಗೆ ಒಮ್ಮೆ ಬಿ.ಪಿ. ಪಟ್ಟಿ ಸುತ್ತುತ್ತಿದ್ದೆ. ಎರಡನೆಯ ಬಸುರು, ಮೊದಲನೆಯದು ಹೆಣ್ಣು. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಅತ್ತೆಯೇ ಉತ್ತರ ಕೊಡುತ್ತಿದ್ದರು: ‘ಚಲೋ ಉಣ್ತಾಳ್ರಿ, ಚಲೋ ಮಲಗ್ತಾಳ್ರಿ.’ ಅವರು ನನಗೆ ನೀರು ತರಲು ಒಳಗೆ ಹೋದಾಗ ಆಕೆ ತಗ್ಗಿದ ದನಿಯಲ್ಲಿ, ‘ನಿದ್ದಿನ ಬರವಲ್ದ್ರಿ ಅಕ್ಕಾರ. ಮನಿ ತುಂಬ ಮಂದಿ ಅದಾರ, ಮಾತಾಡಾಕ ಒಬ್ರೂ ಇಲ್ಲ’ ಎಂದಳು. ಗಂಡ ದುಡಿಯಲು ಗೋವಾಕ್ಕೆ ಹೋಗಿದ್ದ. ಅವನ ಫೋನು ಬಂದರೆ ಪಡಸಾಲೆಯಲ್ಲಿ ಸ್ಪೀಕರ್ ಹಾಕಿ ಎಲ್ಲರೂ ಕೇಳುವಂತೆ ಮಾತನಾಡಬೇಕು. ಅಂದು ಆಕೆಯ ತಾಯಿ ಕಾರ್ಡಿನಲ್ಲಿ ತೂಕ, ಬಿ.ಪಿ., ಹಿಮೋಗ್ಲೋಬಿನ್ ಎಲ್ಲವನ್ನೂ ಬರೆದೆ, ಎಲ್ಲವೂ ಸರಿಯಾಗಿಯೇ ಇದ್ದವು. ಈ ಮಾತನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ.

ಕುಬಸಕ್ಕೆ ಊರೇ ಸೇರುತ್ತದೆ, ಹಸಿರು ಬಳೆ ಏರುತ್ತವೆ, ಬಯಕೆ ಏನೆಂದು ಎಲ್ಲರೂ ಕೇಳುತ್ತಾರೆ. ಅದನ್ನೇ ನಾವು ಆಸರೆ ಎಂದುಕೊಂಡಿದ್ದೇವೆ. ಆಕೆ ಅಂಜಿಕೆಯನ್ನು ಹೇಳಿಕೊಂಡರೆ ಬೈಯದೆ ಕೇಳುವವರು ಯಾರು, ಸುಸ್ತಾದ ದಿನ ಕೊಡ ಹೊರುವವರು ಯಾರು ಎಂಬುದನ್ನು ಯಾರೂ ವಿಚಾರಿಸುವುದಿಲ್ಲ. ಗಂಡನ ಕುಡಿತ, ಹೊಡೆತ, ಗಂಡು ಬೇಕೆಂಬ ಒತ್ತಾಯ ಇದ್ದಲ್ಲಂತೂ ತುಂಬಿದ ಮನೆಯೇ ಹೊರೆಯಾಗುತ್ತದೆ. (ಅತ್ತೆಯಂದಿರನ್ನಷ್ಟೇ ದೂರುವುದೂ ತಪ್ಪು, ಅವರ ಬಸುರಿನಲ್ಲಿ ಅವರನ್ನು ಕೇಳಿದವರೂ ಯಾರೂ ಇರಲಿಲ್ಲ.) ನಿದ್ದೆಗೇಡು, ಸುಸ್ತು, ಊಟ ಸೇರದಿರುವುದು ಬಸುರಿಗೂ ಖಿನ್ನತೆಗೂ ಸಮಾನವಾದ ಲಕ್ಷಣಗಳಾದ್ದರಿಂದ ‘ಇದೆಲ್ಲ ಇದ್ದದ್ದೇ’ ಎಂಬ ಮಾತಿನಲ್ಲಿ ಕಾಯಿಲೆ ಮುಚ್ಚಿಹೋಗುತ್ತದೆ. ತಾಯಂದಿರ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ರೂಪುಗೊಂಡ ಎಡಿನ್‌ಬರೋ ಪ್ರಶ್ನಾವಳಿಯ ಹತ್ತು ಪ್ರಶ್ನೆಗಳು ಕಳೆದ ಏಳು ದಿನಗಳಲ್ಲಿ ನಗು ಬಂದಿತೇ, ವಿನಾಕಾರಣ ತನ್ನನ್ನೇ ಹಳಿದುಕೊಂಡಳೇ ಎಂದು ಕೇಳುವುದು ಈ ಕಾರಣಕ್ಕೇ.

ಪಾಕಿಸ್ತಾನದ ಹಳ್ಳಿಗಳಲ್ಲಿ, ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಹೋಗಿ, ಮನೆಯವರನ್ನೂ ಸೇರಿಸಿಕೊಂಡು ಮಾತನಾಡಿದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಮಗುವಿಗೆ ಆರು ತಿಂಗಳಾಗುವಾಗ ಅವರಲ್ಲಿ ಶೇ 23ರಷ್ಟು ತಾಯಂದಿರಿಗೆ ಮಾತ್ರ ಖಿನ್ನತೆ ಉಳಿದಿತ್ತು; ಈ ತರಬೇತಿಯಿಲ್ಲದ ಕಾರ್ಯಕರ್ತೆಯರು ಭೇಟಿ ಕೊಟ್ಟವರಲ್ಲಿ ಅದು ಶೇ 53ರಷ್ಟಿತ್ತು. ಎಲ್ಲರಿಗೂ ಮಾತೊಂದೇ ಸಾಲದು, ತೀವ್ರವಾದಾಗ ವೈದ್ಯರ ಚಿಕಿತ್ಸೆ ಬೇಕೇ ಬೇಕು. ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವಿದೆ. ಆದರೆ ಅಲ್ಲಿಗೆ ಹೋಗಬೇಕಾದವರು ಯಾರೆಂದು ಮೊದಲು ಹಳ್ಳಿಯಲ್ಲೇ ತಿಳಿಯಬೇಕಲ್ಲ?

ಪ್ರತಿ ತಿಂಗಳ 9ರಂದು ನಡೆಯುವ ಗರ್ಭಿಣಿಯರ ತಪಾಸಣೆಯಲ್ಲಿ ಪ್ರತಿಯೊಬ್ಬಳೊಡನೆ ಐದು ನಿಮಿಷವಾದರೂ ಮನೆಯವರಿಲ್ಲದೆ ಪ್ರತ್ಯೇಕವಾಗಿ ಮಾತನಾಡುವ ವ್ಯವಸ್ಥೆಯಾಗಲಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದವಳನ್ನು ಗಂಡನ ಊರಿನ ಆಶಾ ಮರೆಯುತ್ತಾಳೆ, ತವರಿನ ಆಶಾಗೆ ಆಕೆಯ ಪರಿಚಯವಿರುವುದಿಲ್ಲ. ಇವರಿಬ್ಬರು ಪರಸ್ಪರ ಒಂದು ಫೋನು ಮಾಡುವುದನ್ನು ಇಲಾಖೆ ಕಡ್ಡಾಯ ಮಾಡಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಇದೆಯಲ್ಲ ಎನ್ನುವವರಿಗೆ ನನ್ನ ಒಂದೇ ಪ್ರಶ್ನೆ: ಪಡಸಾಲೆಯ ಸ್ಪೀಕರ್ ಫೋನಿನಿಂದ ಆಕೆ ಆ ಸಂಖ್ಯೆಗೆ ಕರೆ ಮಾಡುವುದು ಹೇಗೆ?

– ನಿವೃತ್ತ ಆರೋಗ್ಯ ಸಹಾಯಕಿ, ಹಾವೇರಿ ಜಿಲ್ಲೆ